ವೋಲ್ಟು ಕಾಯುವ ಕೆಲಸ

ವಯಸ್ಸಾದವರಿಗೆ ಮನೆಯಲ್ಲಿ ಕೆಲಸ ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಹೇಳಿದವರ ಮನೆಯಲ್ಲಿ ಮುದುಕಿಯರು ಇದ್ದಿರಲಿಕ್ಕಿಲ್ಲ. ಕೆಲಸವೇನೂ ಕಡಿಮೆಯಾಗುವುದಿಲ್ಲ, ನಿಂತು ಮಾಡುವುದು ಹೋಗಿ ಕುಳಿತು ಕಾಯುವುದು ಬರುತ್ತದೆ, ಅಷ್ಟೇ. ಮಾಳಿಗೆಯ ಮೇಲೆ ಹಾಕಿದ ಸಂಡಿಗೆಗೆ ಕಾಗೆ ಬರದಂತೆ ಕಾಯಬೇಕು, ಒಲೆಯ ಮೇಲಿನ ಹಾಲು ಉಕ್ಕದಂತೆ ಕಾಯಬೇಕು, ಕುಕ್ಕರಿನ ಸೀಟಿ ಎಣಿಸಬೇಕು, ಗ್ಯಾಸಿನವನು ಬರುತ್ತಾನೆಂದು ಬಾಗಿಲಲ್ಲೇ ಕೂರಬೇಕು. ಇವನ್ನೆಲ್ಲ ನಾನು ಛಲೋ ಮಾಡಿಕೊಂಡು ಬಂದಿದ್ದೇನೆ, ಯಾರೂ ಬೆರಳು ತೋರಿಸುವಂತಿಲ್ಲ. ಆದರೆ ಅರವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಒಪ್ಪಿಸಿದ ಒಂದು ಕಾವಲನ್ನು ಮಾತ್ರ ನಾನು ಪೂರ್ತಿ ಕೆಡಿಸಿದೆ. ಅದೂ ಹೇಗೆ, ಕಣ್ಣ ಮುಂದೆಯೇ ಇಟ್ಟುಕೊಂಡು, ಮನಸ್ಸಿನಲ್ಲಿ ಹಿಗ್ಗುತ್ತ ಕೆಡಿಸಿದೆ. ನಾನು ಕಾಯುತ್ತಿದ್ದದ್ದು ನಮ್ಮ ಹಳೇ ಕಾರಿನ ವೋಲ್ಟೇಜು.

ಕಾರು ನಮ್ಮ ಯಜಮಾನರದು. ಸಣ್ಣದು, ಬಿಳಿಯದು, ಸೊಸೆ ನಮ್ಮ ಮನೆ ತುಂಬುವುದಕ್ಕೂ ಮೊದಲು ಬಂದದ್ದು. ನಮ್ಮೂರು ರನ್ನ ಬೆಳಗಲಿಯಿಂದ ಎಲ್ಲಿಗೆ ಹೋಗಬೇಕಾದರೂ ಅವರೇ ಓಡಿಸುತ್ತಿದ್ದರು. ಬೇರೆಯವರು ಸ್ಟಿಯರಿಂಗ್ ಮುಟ್ಟಿದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವರ ಕಿಡ್ನಿ ಕೆಟ್ಟವು. ಅಂದಿನಿಂದ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಜಮಖಂಡಿಯ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಬೆಳಿಗ್ಗೆ ಎಂಟಕ್ಕೆ ಯಂತ್ರ ಅವರದು. ಎಂಟಕ್ಕೆ ಹೋಗದಿದ್ದರೆ ಆ ಯಂತ್ರಕ್ಕೆ ಇನ್ನೊಬ್ಬರು ಮಲಗುತ್ತಾರೆ, ಅವರೂ ನಮ್ಮ ಹಾಗೆಯೇ ಊರಿಂದ ಬಂದು ಕಾಯುತ್ತಿರುವವರೇ. ಒಂದು ಸಲ ಹಾಗೆ ತಪ್ಪಿತು. ಮರುದಿನದ ಹೊತ್ತಿಗೆ ಇವರ ಕಾಲು ಸೋರೆಕಾಯಿಯಂತೆ ಬಾತು, ಉಸಿರಾಡಿದರೆ ಸೀಟಿ ಹೊಡೆದಂತೆ ಕೇಳುತ್ತಿತ್ತು. ಅದನ್ನು ಎರಡನೇ ಸಲ ನೋಡುವ ಆಸೆ ನನಗಿಲ್ಲ. ಬಸ್ಸಿಗೆ ಹೋಗಬಾರದೇ ಎಂದು ಬೀಗರು ಕೇಳುತ್ತಾರೆ. ಹೋಗಬಹುದು. ಬರುವಾಗ ತಲೆ ಸುತ್ತುವ ಮನುಷ್ಯನನ್ನು ಬಸ್ಸಿನ ಬಾಗಿಲಿನಿಂದ ಇಳಿಸಿಕೊಳ್ಳಲು ಆ ಬೀಗರು ಬಂದು ನಿಲ್ಲುವುದಾದರೆ ನಾಳೆಯೇ ಹೋಗಬಹುದು.

ಮಗ ಬೀಳಗಿಯಲ್ಲಿ ಸಾಲಿ ಮಾಸ್ತರ. ಬೆಳಕು ಹರಿಯುವ ಹೊತ್ತಿಗೆ ಬೈಕು ಹತ್ತಿ ಹೋಗಿರುತ್ತಾನೆ. ಹಾಗಾಗಿ ಸೊಸೆ ಸವಿತಾ ಡ್ರೈವಿಂಗ್ ಕಲಿತಳು. ಕಲಿಯುವಾಗ ನಮ್ಮ ಓಣಿಯ ಎರಡು ಕಟ್ಟೆ ಮತ್ತು ಒಂದು ತುಳಸಿ ವೃಂದಾವನಕ್ಕೆ ಪೆಟ್ಟಾಯಿತು. ಈಗ ಚೆನ್ನಾಗಿ ಓಡಿಸುತ್ತಾಳೆ. ಅವಳು ಓಡಿಸುವುದು ಕಲಿತ ಮೇಲೆ ಕಾರು ಓಡುವುದನ್ನು ಮರೆಯಲು ಶುರುಮಾಡಿತು. ಕೀಲಿ ತಿರುವಿದರೆ ಮುದುಕನ ಕೆಮ್ಮಿನಂತೆ ಎರಡು ಸಲ ಖೊರ್ ಅಂದು ಸುಮ್ಮನಾಗುವುದು. ಜಮಖಂಡಿಯಲ್ಲಿ ಗಾಡಿಗಳ ಕರೆಂಟಿನ ಕೆಲಸ ಮಾಡುವ ಮೌಲಾಸಾಬ ಎಂಬವರಿದ್ದಾರೆ, ನಮ್ಮ ಯಜಮಾನರ ಓರಗೆಯವರು. ಅವರು ನೋಡಿ, ಹಳೇ ಬ್ಯಾಟರಿ ಸತ್ತಿದೆ ಎಂದು ಹೊಸದು ಹಾಕಿದರು. ಜೊತೆಗೆ ಮುಂದಿನ ಸೀಟಿನೆದುರು ಸಿಗರೇಟು ಹಚ್ಚಿಕೊಳ್ಳಲು ಕೊಟ್ಟಿದ್ದ ತೂತಿನಲ್ಲಿ ಹೆಬ್ಬೆರಳು ಗಾತ್ರದ ಒಂದು ಮೀಟರು ಸಿಕ್ಕಿಸಿದರು. ಅದರಲ್ಲಿ ಕೆಂಪಗೆ ಅಂಕಿಗಳು ಮೂಡುತ್ತವೆ. ಅವರು ಸವಿತಾಳಿಗೆ ಹೇಳಿದ್ದಿಷ್ಟು: ಎಂಜಿನ್ ಬಂದ್ ಇದ್ದಾಗ ಹನ್ನೆರಡೂವರೆಯ ಆಸುಪಾಸು ಇರಬೇಕು, ಅದು ಬ್ಯಾಟರಿಯ ಸ್ವಂತ ಶಕ್ತಿ. ಎಂಜಿನ್ ಶುರುವಾದ ಮೇಲೆ ಡೈನಮೋ ತಿರುಗಿ ಬ್ಯಾಟರಿ ತುಂಬಿಸುತ್ತದೆ, ಆಗ ಹದಿನಾಲ್ಕಕ್ಕೆ ಏರಬೇಕು. ಓಡುವಾಗ ಹದಿಮೂರರ ಕೆಳಗೆ ಇಳಿದರೆ ಡೈನಮೋ ಕೆಲಸ ಮಾಡುತ್ತಿಲ್ಲ ಎಂದು ಅರ್ಥ, ತಡಮಾಡದೆ ಬರಬೇಕು.

ಸವಿತಾ ಈ ಕೆಲಸವನ್ನು ನನ್ನ ಮಡಿಲಿಗೆ ಹಾಕಿದಳು. "ಅತ್ತೀ, ನಾ ರಸ್ತಾ ನೋಡ್ತೀನಿ, ನೀವು ಆ ನಂಬರ್ ನೋಡ್ರಿ. ಇಳೀತಂದ್ರ ಹೇಳ್ರಿ," ಎಂದಳು. ನಾನು ಕಲಿತದ್ದು ಮೂರನೇ ಇಯತ್ತೆ. ಆದರೂ ಪಾಯಿಂಟ್ ಇರುವ ಅಂಕಿ ನನಗೆ ಹೊಸದಲ್ಲ. ಮೂವತ್ತು ವರ್ಷ ಊರಿನ ಡೇರಿಗೆ ಹಾಲು ಹಾಕಿದ್ದೇನೆ. ಅಲ್ಲಿಯೂ ಹಾಲು ಯಂತ್ರಕ್ಕೆ ಹಾಕಿದರೆ ಇಂಥದೇ ಕೆಂಪು ಅಂಕಿ ಬರುತ್ತದೆ, ಕೊಬ್ಬು ಇಷ್ಟು ಎಂದು. ಮೂರು ಪಾಯಿಂಟ್ ಎಂಟು ಬಂದರೆ ನಾನು ಡೇರಿಯವನ ಜೊತೆ ಜಗಳಾಡಿ ಇನ್ನೊಮ್ಮೆ ಹಾಕಿಸುತ್ತಿದ್ದೆ. ನಾಲ್ಕು ಪಾಯಿಂಟ್ ಐದು ಬಂದರೆ ಹಿಂದೆ ನಿಂತವರಿಗೂ ಕಾಣಲಿ ಎಂದು ಸ್ವಲ್ಪ ಸರಿದು ನಿಲ್ಲುತ್ತಿದ್ದೆ. ಅಂಕಿ ಏರಿದ್ದಕ್ಕೆ ಅತ್ತವರನ್ನು ನಾನು ಡೇರಿಯಲ್ಲಿ ಒಬ್ಬರನ್ನೂ ನೋಡಿಲ್ಲ.

ಮೊದಲನೆಯ ದಿನ ನಾನು ಬಹಳ ನಿಷ್ಠೆಯಿಂದ ಕುಳಿತೆ. ಸವಿತಾ ಕೀಲಿ ತಿರುವಿದಳು, ಹನ್ನೆರಡೂವರೆ ಇದ್ದದ್ದು ದಡಕ್ಕನೆ ಹತ್ತಕ್ಕೆ ಬಿತ್ತು. "ಇಳೀತು, ಬಂದ್ ಮಾಡು," ಎಂದೆ. ಅವಳು ಬೆದರಿ ಬಂದ್ ಮಾಡಿದಳು. ಮತ್ತೆ ತಿರುವಿದಳು, ಮತ್ತೆ ಬಿತ್ತು, ಮತ್ತೆ ಬಂದ್ ಮಾಡಿಸಿದೆ. ಕೊನೆಗೆ ಮೌಲಾಸಾಬರಿಗೆ ಫೋನು ಹಚ್ಚಿದಾಗ, ಎಂಜಿನ್ ಎಬ್ಬಿಸುವಾಗ ಒಂದು ಕ್ಷಣ ಹಾಗೆ ಬೀಳುವುದೇ, ಭಾರ ಎತ್ತುವವನ ಉಸಿರು ಕಟ್ಟಿದಂತೆ ಎಂದರು. ಮುಂದಿನ ಸಲ ಮಂಜು ಬಿದ್ದಿತ್ತು, ಸವಿತಾ ದೀಪ ಹಾಕಿದಳು, ಹದಿನಾಲ್ಕು ಪಾಯಿಂಟ್ ಎರಡು ಇದ್ದದ್ದು ಹದಿಮೂರು ಪಾಯಿಂಟ್ ಒಂಬತ್ತಾಯಿತು. ಹೇಳಿದೆ. ಫ್ಯಾನು ಹಾಕಿದಳು, ಪಾಯಿಂಟ್ ಎಂಟಾಯಿತು. ಅದನ್ನೂ ಹೇಳಿದೆ. ಹಾರ್ನ್ ಹೊಡೆದಳು, ಅಂಕಿ ಸ್ವಲ್ಪ ಮಿಸುಕಿತು. "ಅತ್ತೀ, ಹಿಂಗ ಪಾಯಿಂಟಿಗೊಮ್ಮೆ ಒದರಿದ್ರ ನಾ ಗಾಡಿ ಹೊಲದಾಗ ಇಳಸ್ತೀನಿ," ಎಂದಳು. ದೀಪ, ಫ್ಯಾನು ಹಾಕಿದರೆ ಅಷ್ಟು ಇಳಿಯುವುದು ತಪ್ಪಲ್ಲವಂತೆ, ಹದಿಮೂರರ ಮೇಲೆಯೇ ನಿಂತರೆ ಸಾಕಂತೆ. ನನಗೂ ಸಿಟ್ಟು ಬಂತು. ಅಂದಿನಿಂದ ಅಂಕಿ ಹೇಳುವುದನ್ನೇ ಬಿಟ್ಟೆ. ಅವಳು ಕೇಳಿದರೆ "ಇಳದಿಲ್ಲ" ಎನ್ನುವುದು, ಕೇಳದಿದ್ದರೆ ಸುಮ್ಮನಿರುವುದು. ಆಮೇಲೆ ನಾನು ಒಂದು ದಿನವೂ ಸುಳ್ಳು ಹೇಳಲಿಲ್ಲ. ಅಂಕಿ ಖರೆಯೇ ಇಳಿಯಲಿಲ್ಲ.

ಅದು ಏರಿತು. ಹದಿನಾಲ್ಕು ಪಾಯಿಂಟ್ ಎರಡು ಇದ್ದದ್ದು ಕೆಲವು ವಾರದಲ್ಲಿ ಪಾಯಿಂಟ್ ಆರಾಯಿತು. ಆಮೇಲೆ ಪಾಯಿಂಟ್ ಒಂಬತ್ತು. ಆಮೇಲೆ ಒಂದು ಶುಕ್ರವಾರ ಹದಿನೈದು ದಾಟಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ನಮ್ಮ ಮನೆಯಲ್ಲಿ ಒಂದಾದರೂ ವಸ್ತು ವಯಸ್ಸಾಗುತ್ತ ಗಟ್ಟಿಯಾಗುತ್ತಿದೆಯಲ್ಲ ಎಂದುಕೊಂಡೆ. ಪಕ್ಕದ ಮನೆಯವಳಿಗೂ ಹೇಳಿದೆ, "ನಮ್ಮ ಕಾರು ಮೊದಲಿನಕಿಂತ ಛಲೋ ಆಗೇತಿ ನೋಡವಾ, ಹದಿನೈದು ಕೊಡಾಕತ್ತೈತಿ," ಎಂದು. ಅವಳು ಅದನ್ನು ಮೈಲೇಜು ಎಂದು ತಿಳಿದು, ಅವರ ಗಾಡಿ ಹದಿನೆಂಟು ಕೊಡುತ್ತದೆ ಎಂದಳು. ನಾನು ಒಂದು ವಾರ ಅವಳನ್ನು ಮಾತಾಡಿಸಲಿಲ್ಲ. ಹಾರ್ನು ಮೊದಲಿಗಿಂತ ಜೋರಾಗಿತ್ತು, ಮುಂದಿನ ದೀಪ ಬೆಳ್ಳಗೆ ಉರಿಯುತ್ತಿತ್ತು. ಒಂದು ದೀಪ ಬೇಗ ಸುಟ್ಟುಹೋಯಿತು. ಈಗಿನ ಮಾಲೇ ಹೀಗೆ ಎಂದು ಹೊಸದು ಹಾಕಿಸಿದೆವು.

ನಂತರ ಕಾರಿನಲ್ಲಿ ಒಂದು ವಾಸನೆ ಹತ್ತಿತು. ಕಬ್ಬಿನ ಹಂಗಾಮು ಶುರುವಾದ ಮೇಲೆ ನಮ್ಮ ಕಡೆ ಯಾವ ವಾಸನೆ ಬಂದರೂ ಅದನ್ನು ಸಕ್ಕರೆ ಕಾರ್ಖಾನೆಯ ತಲೆಗೆ ಕಟ್ಟುತ್ತೇವೆ. ಗಟಾರು ನಾತ ಬಂದರೂ ಕಾರ್ಖಾನೆ, ಇಲಿ ಸತ್ತರೂ ಕಾರ್ಖಾನೆ. ಅಷ್ಟು ರೂಢಿಯಾಗಿಬಿಟ್ಟಿದೆ. ನಾನೂ ಕಾರ್ಖಾನೆ ಎಂದೇ ತಿಳಿದು ಗಾಜು ಏರಿಸಿದೆ. ವಾಸನೆ ಇನ್ನೂ ಹೆಚ್ಚಾಯಿತು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದ ನಮ್ಮ ಯಜಮಾನರು, "ಇದು ಬ್ಯಾಟರಿ ವಾಸನಿ ಬಂದಂಗ ಐತಲ್ಲ," ಎಂದರು. ಈ ರೋಗ ಬಂದ ಮೇಲೆ ಅವರಿಗೆ ಸಾರು ಕಬ್ಬಿಣದಂತೆ, ಚಹಾ ಸಾಬೂನಿನಂತೆ ಅನಿಸುತ್ತಿತ್ತು. ಹಾಗಾಗಿ, "ನಿಮ್ಮ ನಾಲಿಗಿ ಕೆಟ್ಟಂಗ ಮೂಗೂ ಕೆಟ್ಟೈತಿ, ಸುಮ್ನ ಮಲಕೋರಿ," ಎಂದೆ. ಅವರು ಸುಮ್ಮನೆ ಮಲಗಿದರು. ಮದುವೆಯಾಗಿ ಐವತ್ತು ವರ್ಷದ ಹತ್ತಿರ ಬಂದರೂ ನಾನು ಹೇಳಿದ್ದನ್ನು ಕೇಳಬಾರದ ಹೊತ್ತಿನಲ್ಲಿಯೇ ಅವರು ಕೇಳುತ್ತಾರೆ.

ಮುಂದಿನ ಮಂಗಳವಾರ ಬೆಳಿಗ್ಗೆ ಜಮಖಂಡಿಗೆ ಇನ್ನೂ ಸ್ವಲ್ಪ ದೂರವಿರುವಾಗ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಒಂದೊಂದರ ಹಿಂದೆ ಎರಡೆರಡು ಟ್ರಾಲಿ. ಸವಿತಾ ನಿಲ್ಲಿಸಿದಳು. ಸಾಲು ಮಿಸುಕಿದಾಗ ಗಡಬಡಿಸಿ ಕ್ಲಚ್ ಬಿಟ್ಟಳು, ಎಂಜಿನ್ ಬಂದ್ ಬಿತ್ತು. ಕೀಲಿ ತಿರುವಿದರೆ ಟಕ್ ಎಂದಿತು, ಅಷ್ಟೇ. ಮತ್ತೆ ತಿರುವಿದರೆ ಅದೂ ಇಲ್ಲ. ಗಡಿಯಾರದಲ್ಲಿ ಏಳೂವರೆ.

ಹಿಂದಿನಿಂದ ಯಜಮಾನರು ಕೇಳಿದರು, "ಗಾಡಿ ಓಡೂವಾಗ ಮೀಟರ ಎಷ್ಟ ತೋರಸ್ತಿತ್ತು?"

"ಅದಕ್ಕೇನೂ ಆಗಿಲ್ಲರಿ. ಬರೋಬ್ಬರಿ ಹದಿನೈದು ಪಾಯಿಂಟ್ ಎಂಟು ಇತ್ತು," ಎಂದೆ, ಸ್ವಲ್ಪ ಬಿಗುವಿನಿಂದಲೇ.

ಅವರು ಎದ್ದು ಕುಳಿತರು. "ಎಷ್ಟ ದಿನಾತು ಹಂಗ?"

"ಹದಿನೈದು ದಾಟಿ ಎರಡು ವಾರಾತು."

"ಅದನ್ನ ಯಾರಿಗರೆ ಹೇಳಿದಿ?"

"ಬಾಜೂ ಮನಿಯಾಕಿಗೆ ಹೇಳೇನಿ."

ಸವಿತಾ ಹಣೆಯನ್ನು ಸ್ಟಿಯರಿಂಗ್ ಮೇಲೆ ಇಟ್ಟಳು. ಯಜಮಾನರು ಮಾತ್ರ ಬೈಯಲಿಲ್ಲ. ಬೈಯಲು ಅವರಿಗೆ ಉಸಿರು ಸಾಲುತ್ತಿರಲಿಲ್ಲ, ಅದು ನನ್ನ ಪುಣ್ಯ. "ಬ್ಯಾಟರಿ ಕುದ್ದು ಒಣಗೇತಿ," ಎಂದರಷ್ಟೇ. ಅಷ್ಟರಲ್ಲಿ ಮುಂದಿನ ಟ್ರ್ಯಾಕ್ಟರಿನವನು ಬೀಡಿ ಸೇದುತ್ತ ಬಂದು, "ಬಾನೆಟ್ ತಗೀರಿ, ನೋಡೂಣು," ಎಂದ. ಯಜಮಾನರು ಕಿಟಕಿಯಿಂದ ಕೈ ಹೊರಗೆ ಹಾಕಿ, "ಮೊದಲ ಆ ಬೀಡಿ ದೂರ ಒಗಿಯೋ ತಮ್ಮಾ. ಕುದ್ದ ಬ್ಯಾಟರಿ ಗ್ಯಾಸ್ ಬಿಡ್ತೈತಿ, ಕಿಡಿ ಬಿದ್ರ ಹಾರ್ತೈತಿ. ಬಾನೆಟ್ ಮುಟ್ಟಬ್ಯಾಡ, ತಳ್ಳಿ ಕೊಡು ಸಾಕು," ಎಂದರು. ಅವನು ಬೀಡಿಯನ್ನು ಒಗೆದು, ಇನ್ನಿಬ್ಬರನ್ನು ಕರೆದ. ಎರಡನೇ ಗೇರು ಹಾಕು, ಕ್ಲಚ್ ಒತ್ತಿ ಹಿಡಿ, ವೇಗ ಬಂದಾಗ ಬಿಡು ಎಂದು ಯಜಮಾನರು ಸೊಸೆಗೆ ಪಾಠ ಶುರುಮಾಡಿದರು. ನಾನು ಕೆಳಗಿಳಿದು ಹಿಂದೆ ನಿಂತೆ.

"ಆಯೀ, ನೀವ್ಯಾಕ? ಒಳಗ ಕುಂದ್ರರಿ," ಎಂದ ಟ್ರ್ಯಾಕ್ಟರಿನವನು.

"ನಾ ಒಳಗ ಕುಂತ್ರ ನಿಮಗ ಭಾರ. ಮಾತಾಡಬ್ಯಾಡ, ತಳ್ಳು."

ನಾಲ್ಕೂ ಜನ ತಳ್ಳಿದೆವು. ಕಾರು ಎರಡು ಸಲ ಮುಗ್ಗರಿಸಿ ಶುರುವಾಯಿತು. ಶುರುವಾದದ್ದು ಹಾಗೇ ಹೊರಟೇ ಹೋಯಿತು. ಮತ್ತೆ ನಿಲ್ಲಿಸಿದರೆ ಮತ್ತೆ ಬಂದ್ ಬೀಳುತ್ತದೆ ಎಂದು ಸವಿತಾ ನಿಲ್ಲಿಸಲಿಲ್ಲ. ಸರಿಯಾಗಿಯೇ ಮಾಡಿದಳು. ಆದರೆ ನಡುರಸ್ತೆಯಲ್ಲಿ, ಕೈಯಲ್ಲಿ ಚೀಲವಿಲ್ಲದೆ, ಫೋನಿಲ್ಲದೆ, ಸೆರಗಿಗೆ ಧೂಳು ಮೆತ್ತಿಕೊಂಡು ನಿಂತವಳಿಗೆ ಅದು ಸರಿ ಎಂದು ಹೊಳೆಯಲು ತುಸು ಹೊತ್ತು ಬೇಕಾಯಿತು. ಅದಕ್ಕಿಂತ ಹೆಚ್ಚು ಬೆದರಿಸಿದ್ದು ಕಾರಿನ ಅವತಾರ. ಬೆಳಗಿನ ಬಿಸಿಲಿನಲ್ಲಿ ಹಿಂದೆ ಮುಂದೆ ಎಲ್ಲ ದೀಪ ಹತ್ತಿದವು. ಎಡಕ್ಕೂ ಬಲಕ್ಕೂ ಒಟ್ಟಿಗೇ ಇಂಡಿಕೇಟರು ಮಿಣುಕತೊಡಗಿತು. ಒಣ ಗಾಜಿನ ಮೇಲೆ ವೈಪರು ಓಡಾಡತೊಡಗಿತು. ಟೇಪಿನಲ್ಲಿ ಭಜನೆಯೊಂದು ಜೋರಾಗಿ ಹಾಡುತ್ತಿತ್ತು. ಕಾರು ಮದುವೆಯ ದಿಬ್ಬಣದಂತೆ ಟ್ರ್ಯಾಕ್ಟರುಗಳನ್ನು ದಾಟಿ ಮರೆಯಾಯಿತು. "ನಿಮ್ಮ ಸೊಸಿಗೆ ಏನಾತ್ರಿ ಆಯೀ?" ಎಂದ ಟ್ರ್ಯಾಕ್ಟರಿನವನು. ನನಗೂ ಅದೇ ಅನುಮಾನವಿತ್ತು.

ಅವನೇ ಒಂದು ಬಸ್ಸಿಗೆ ಕೈಮಾಡಿ ಹತ್ತಿಸಿದ. ಕಂಡಕ್ಟರ್ ಹುಡುಗಿ ಹೆಂಗಸರ ಪುಕ್ಕಟೆ ಟಿಕೇಟಿಗೆ ಆಧಾರ್ ಕಾರ್ಡು ತೋರಿಸಿ ಎಂದಳು. "ಕಾರಿನ್ಯಾಗ ಹೋತವಾ," ಎಂದೆ. "ಕಾರ್ ಇದ್ದವರು ಬಸ್ಸಿಗೆ ಯಾಕ ಬಂದೀರಿ?" ಎಂದಳು. ಹೇಳಲು ಶುರುಮಾಡಿದೆ. ವೋಲ್ಟೇಜಿನ ಹತ್ತಿರ ಬರುವಷ್ಟರಲ್ಲಿ ಅವಳು ಕೈಮುಗಿದು ಮುಂದೆ ಹೋದಳು. ಆ ಬಸ್ಸಿನಲ್ಲಿ ನಾನು ಕುಳಿತ ಅಷ್ಟು ಹೊತ್ತನ್ನು ಮತ್ತೆ ಕುಳಿತುಕೊಳ್ಳು ಎಂದರೆ ನನ್ನಿಂದಾಗದು. ಕಾರು ಇನ್ನೆಲ್ಲಿಯೋ ನಿಂತಿದ್ದರೆ? ಎಂಟು ದಾಟಿದರೆ? ಪ್ರತಿ ತಿರುವಿನಲ್ಲಿ ಕುತ್ತಿಗೆ ಚಾಚಿ ಬಿಳಿ ಕಾರು ನಿಂತಿದೆಯೇ ಎಂದು ನೋಡಿದೆ. ಜಗತ್ತಿನಲ್ಲಿ ಎಷ್ಟು ಬಿಳಿ ಕಾರುಗಳಿವೆ ಎಂಬುದು ಅಂದೇ ಗೊತ್ತಾದದ್ದು.

ಆಸ್ಪತ್ರೆಯ ಅಂಗಳದಲ್ಲಿ ನಮ್ಮದು ನಿಂತಿತ್ತು, ದೀಪವೆಲ್ಲ ಆರಿಸಿಕೊಂಡು, ಏನೂ ಆಗದಂತೆ. ಒಳಗೆ ಹೋದರೆ ಯಜಮಾನರು ಅವರ ಮಂಚದ ಮೇಲೆ, ಅವರ ಯಂತ್ರದ ಪಕ್ಕದಲ್ಲಿ ಮಲಗಿದ್ದರು. ಎಂಟಕ್ಕೆ ಇನ್ನೂ ಐದು ನಿಮಿಷ ಇರುವಾಗ ತಲುಪಿದರಂತೆ. ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನರ್ಸು ಬಂದು ನನ್ನ ಬಿಪಿ ನೋಡಬೇಕೇ ಎಂದಳು. ಬೇಡ, ಇವತ್ತು ಇನ್ನೊಂದು ಅಂಕಿ ನೋಡಲಾರೆ ಎಂದೆ.

"ದೀಪ ಯಾಕ ಹಾಕಿಸಿದ್ರಿ?" ಎಂದು ಯಜಮಾನರನ್ನು ಕೇಳಿದೆ.

"ಡೈನಮೋ ಅತೀ ಕೊಡಾಕತ್ತಿತ್ತು. ಇದ್ದಬದ್ದದ್ದೆಲ್ಲಾ ಹಚ್ಚಿದ್ರ ಹೆಚ್ಚಿಂದು ಅಲ್ಲಿ ಖರ್ಚಾಗ್ತೈತಿ, ಬ್ಯಾಟರಿಗೆ ಅಷ್ಟು ಕಾಟ ತಪ್ತೈತಿ. ಹದಿನೈದರ ಒಳಗ ಬಂತು," ಎಂದು ಹೇಳಿ, ಕೊನೆಗೆ, "ನನ್ನ ಮೂಗ ಛಲೋ ಐತಿ," ಎಂದರು.

ಅವರ ನಾಲ್ಕು ತಾಸು ಮುಗಿಯುವುದರೊಳಗೆ ಸವಿತಾ ಮೌಲಾಸಾಬರನ್ನು ಅಂಗಳಕ್ಕೇ ಕರೆಸಿದಳು. ಅವರು ಬಾನೆಟ್ ತೆಗೆದು ಗಾಳಿಯಾಡಲು ಬಿಟ್ಟು, ಬ್ಯಾಟರಿಯ ಆರು ಮುಚ್ಚಳ ತಿರುವಿ ನೋಡಿದರು. ನೀರು ತಳ ಕಂಡಿತ್ತು. ತಂತಿಯ ಬುಡದಲ್ಲಿ ಬಿಳಿ ಬೂಷ್ಟು ಹೂವಿನಂತೆ ಅರಳಿತ್ತು. ಡೈನಮೋದೊಳಗೆ ಇಷ್ಟೇ ಕೊಡು ಎಂದು ತಡೆಯುವ ಒಂದು ಸಣ್ಣ ಸಾಮಾನು ಇರುತ್ತದಂತೆ, ರೆಗ್ಯುಲೇಟರ್. ಹಳೆಯದಾಗಿ ಅದು ಕೈಬಿಟ್ಟಿತ್ತು.

"ಅವ್ವಾರ, ಕೆಟ್ಟ ತತ್ತಿ ವಾಸನಿ ಬಂದಿರಬೇಕಲ್ಲರಿ?" ಎಂದು ಕೇಳಿದರು.

"ನಮ್ಮನ್ಯಾಗ ಛಲೋ ತತ್ತೀನ ಬರೂದಿಲ್ಲ ಮೌಲಾಸಾಬ, ಕೆಟ್ಟದ್ದರ ವಾಸನಿ ನನಗೆಲ್ಲಿಂದ ಗೊತ್ತಾಗಬೇಕು?"

ಅವರು ನಕ್ಕು, ಆಮೇಲೆ ಗಂಭೀರವಾಗಿ, "ತಪ್ಪು ನಂದರಿ. ಇಳದ್ರ ಬರ್ರಿ ಅಂದೆ, ಏರಿದ್ರ ಬರ್ರಿ ಅನ್ನಲಿಲ್ಲ," ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಸವಿತಾಳ ಕಡೆ ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು. ಮೌಲಾಸಾಬರು ನನ್ನನ್ನು ನಿಲ್ಲಿಸಿ ಮೂರು ಸಲ ಹೇಳಿಸಿದರು: ಓಡುವಾಗ ಹದಿಮೂರೂವರೆಯಿಂದ ಹದಿನಾಲ್ಕೂವರೆ. ಕೆಳಗೆ ಹೋಗಿ ಅಲ್ಲೇ ನಿಂತರೂ ಫೋನು, ಹದಿನೈದರ ಹತ್ತಿರ ಹೋದರೂ ಫೋನು. ಎಂಜಿನ್ ಬಂದ್ ಮಾಡಿ ತಾಸು ಬಿಟ್ಟು ನೋಡಿದಾಗ ಹನ್ನೆರಡರ ಆಸುಪಾಸಿಗೆ ಇಳಿದಿದ್ದರೆ ಬ್ಯಾಟರಿ ಹಸಿದಿದೆ. ನಾಲ್ಕು ಮಾತು, ಮುಗಿಯಿತು. ರೆಗ್ಯುಲೇಟರ್ ಹೊಸದು ಬಂತು, ಬೂಷ್ಟನ್ನು ಬಿಸಿನೀರಿನಿಂದ ತೊಳೆದರು, ಬ್ಯಾಟರಿಗೆ ನೀರು ಹಾಕಿ ಅಂಗಡಿಯಲ್ಲಿ ಚಾರ್ಜಿಗೆ ಇಟ್ಟು ತಂದು ಕೂರಿಸಿದರು. ಇನ್ನೊಂದು ವಾರ ತಡವಾಗಿದ್ದರೆ ಅದನ್ನು ಎಸೆಯಬೇಕಾಗುತ್ತಿತ್ತು, ಬದುಕಿತು ಎಂದರು. ಯಾವುದು ಬದುಕಿತು ಎಂದು ನಾನು ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಬದುಕಿದ್ದು ಒಳಗೆ ಮಂಚದ ಮೇಲಿತ್ತು.

ವಾರಕ್ಕೊಮ್ಮೆ ಬ್ಯಾಟರಿಯ ನೀರು ನೋಡುವ ಕೆಲಸವೂ ಈಗ ನನ್ನದೇ. ಅದಕ್ಕೆ ಬ್ಯಾಟರಿಗೆಂದೇ ಅಂಗಡಿಯಲ್ಲಿ ಮಾರುವ ಬಾಟಲಿ ನೀರೇ ಆಗಬೇಕು, ನಲ್ಲಿಯದು ನಡೆಯುವುದಿಲ್ಲ. ಮೊದಲ ಸಲ ಸುರಿಯುವಾಗ ಯಜಮಾನರು ಕಟ್ಟೆಯ ಮೇಲೆ ಕುಳಿತಿದ್ದರು. ಡಾಕ್ಟರು ಅವರಿಗೆ ದಿನಕ್ಕೆ ಇಷ್ಟೇ ಲೋಟ ನೀರು ಎಂದು ಕಟ್ಟಿದ್ದಾರೆ, ಲೋಟ ಕಾಯುವವಳು ನಾನು. "ಅದಕ್ಕ ಬಾಟ್ಲಿಗಟ್ಟಲೆ ಕುಡಸ್ತಿ, ನಾ ಒಂದು ಗುಟುಕು ಕೇಳಿದ್ರ ಕಣ್ಣು ಬಿಡ್ತಿ," ಎಂದರು. "ಅದು ನನ್ನ ಮಾತು ಕೇಳ್ತೈತಿ," ಎಂದೆ. ಗಂಡನಿಗೆ ಹೆಚ್ಚಾದದ್ದು ಕೆಡುಕು ಎಂದು ದಿನವಿಡೀ ಕಾಯುವ ಹೆಂಗಸಿಗೆ ಕಾರಿಗೆ ಹೆಚ್ಚಾದದ್ದೂ ಕೆಡುಕು ಎಂದು ಹೊಳೆಯಲಿಲ್ಲವಲ್ಲ! ಯಾಕೆಂದು ಯೋಚಿಸುತ್ತ ಕೂರುವಷ್ಟು ಪುರುಸೊತ್ತು ನನಗಿಲ್ಲ.

ಕಾರು ರಿಪೇರಿಯಾದ ವಾರದ ಶುಕ್ರವಾರ ಮತ್ತೆ ಹೊರಟೆವು. ಹದಿನಾಲ್ಕು ಪಾಯಿಂಟ್ ಎರಡು. ಸವಿತಾ ದೀಪ ಹಾಕಿ ನೋಡಿದಳು, ಹದಿಮೂರು ಪಾಯಿಂಟ್ ಒಂಬತ್ತು. ಆರಿಸಿದಳು, ಮತ್ತೆ ಹದಿನಾಲ್ಕು ಪಾಯಿಂಟ್ ಎರಡು. ನಾನು ರೆಪ್ಪೆ ಬಡಿಯದೆ ನೋಡುತ್ತ ಕುಳಿತೆ. ಇಂದು ಸೂಜಿಮೊನೆಯಷ್ಟು ಏರಿದರೂ ಬಿಡುವುದಿಲ್ಲ ಎಂದುಕೊಂಡೆ. ಅದು ಏರಲಿಲ್ಲ, ಇಳಿಯಲಿಲ್ಲ. ಕಬ್ಬಿನ ಗದ್ದೆಗಳು ಬಂದವು, ಹೋದವು. ಯಾವ ವಾಸನೆಯೂ ಇರಲಿಲ್ಲ, ಗಾಳಿ ತಣ್ಣಗಿತ್ತು.

ಕಣ್ಣು ಬಿಟ್ಟಾಗ ಕಾರು ಆಸ್ಪತ್ರೆಯ ಮುಂದೆ ನಿಂತಿತ್ತು. ಸೆರಗು ಕೆಳಗೆ ಜಾರಿತ್ತು, ಕುತ್ತಿಗೆ ಕಿಟಕಿಗೆ ಒತ್ತಿ ನೋಯುತ್ತಿತ್ತು. ಗಾಬರಿಯಾಗಿ ಮೀಟರ್ ನೋಡಿದರೆ ಅಂಕಿಯೇ ಇಲ್ಲ, ಸವಿತಾ ಆಗಲೇ ಎಂಜಿನ್ ಬಂದ್ ಮಾಡಿ ಕೀಲಿ ತೆಗೆದಿದ್ದಳು.

"ದಾರ್ಯಾಗ ಎಷ್ಟಿತ್ತು?" ಎಂದು ಕೇಳಿದೆ.

"ನನ್ನ ಕೇಳಬ್ಯಾಡ್ರಿ ಅತ್ತೀ, ನಾ ರಸ್ತಾ ನೋಡಾಕಿ," ಎಂದಳು ಸವಿತಾ.

ಹಿಂದಿನಿಂದ ಯಜಮಾನರು, "ಹದಿನಾಲ್ಕು ಪಾಯಿಂಟ್ ಎರಡು. ಮುಧೋಳ ರಸ್ತಾಕ್ಕ ಹತ್ತಿದಾಗಿಂದ ಇಲ್ಲೀತನ ಅಷ್ಟ," ಎಂದರು. ಎರಡೂ ಸೀಟುಗಳ ನಡುವಿನಿಂದ ತಲೆ ತೂರಿಸಿ ಕುಳಿತಿದ್ದರು. ಎರಡು ವರ್ಷದಿಂದ ಈ ದಾರಿಯಲ್ಲಿ, ಆ ಮಂಗಳವಾರ ಬಿಟ್ಟರೆ, ಒಂದು ಸಲವೂ ಕಣ್ಣು ತೆರೆಯದ ಮನುಷ್ಯ, ಅಷ್ಟು ದೂರ ಬಾಗಿಕೊಂಡೇ ಬಂದಿದ್ದರು.

"ನೀವ್ಯಾಕ ನೋಡಿದ್ರಿ? ನಿಮಗ ಮಲಗೂ ಕೆಲಸ ಕೊಟ್ಟೈತಿ. ಅದನ್ನರೆ ನೆಟ್ಟಗ ಮಾಡ್ರಿ," ಎಂದು ಗದರಿಸಿದೆ.

"ಮಲಗಾಕ ನೀ ಎಲ್ಲಿ ಬಿಟ್ಟಿ? ಅರ್ಧಾ ದಾರಿ ಗೊರಕಿ ಹೊಡದಿ," ಎಂದರು.

ನಾನು ಗೊರಕೆ ಹೊಡೆಯುವುದಿಲ್ಲ. ಇದು ನಲವತ್ತೆಂಟು ವರ್ಷದಿಂದ ನಮ್ಮ ಮನೆಯಲ್ಲಿ ಇತ್ಯರ್ಥವಾಗದ ವಿಷಯ. ಸಾಕ್ಷಿಗಾಗಿ ಸವಿತಾಳ ಮುಖ ನೋಡಿದೆ. ಅವಳು ಬಗ್ಗಿ ಮಾವನ ಚಪ್ಪಲಿ ಹುಡುಕುತ್ತಿದ್ದಳು, ಬಹಳ ಹೊತ್ತು ಹುಡುಕಿದಳು. ಆಸ್ಪತ್ರೆಯ ಗಡಿಯಾರದಲ್ಲಿ ಎಂಟಕ್ಕೆ ಇಪ್ಪತ್ತು ನಿಮಿಷ ಇತ್ತು. ಜಗಳಕ್ಕೆ ಬೇಕಾದಷ್ಟು ಸಮಯವಿತ್ತು, ಆದರೆ ಅವರ ಕೈ ಹಿಡಿದು ಇಳಿಸುವಾಗ ನೋಡಿದೆ, ನನಗೇ ಇನ್ನೂ ಆಕಳಿಕೆ ಬರುತ್ತಿತ್ತು.